ಹಳೆಯ ಮರದ ಸಾಮಾನಿಗೆ ಹಾಲು-ಸುಣ್ಣದ ಬಣ್ಣ, ಜೇನುಮೇಣದ ಮೆರುಗು

ನಮ್ಮ ಬೆಳೆಗಾರರ ಮನೆಗಳಲ್ಲಿ ಅಟ್ಟದ ಮೇಲೋ, ಕೊಟ್ಟಿಗೆಯ ಮೂಲೆಯಲ್ಲೋ, ಅಡಿಕೆ ದಾಸ್ತಾನಿನ ಕೋಣೆಯಲ್ಲೋ ಒಂದೆರಡಾದರೂ ಹಳೆಯ ಮರದ ಸಾಮಾನುಗಳು ಇಲ್ಲದಿರುವುದಿಲ್ಲ. ಬಾಗಿಲು ಕಳಚಿದ ಕಪಾಟು, ಒಂದು ಕಾಲು ಅಲ್ಲಾಡುವ ಬೆಂಚು, ಮುಚ್ಚಳ ಒಡೆದ ಪೆಟ್ಟಿಗೆ, ಬೆತ್ತ ಹರಿದ ಆರಾಮ ಕುರ್ಚಿ — ಇವೆಲ್ಲ ವರ್ಷಗಟ್ಟಲೆ ಧೂಳು ಹಿಡಿದು ಕೊನೆಗೆ ಬಚ್ಚಲೊಲೆಗೆ ಸೇರುತ್ತವೆ. ಇಲ್ಲವೇ ಹಳೆ ಸಾಮಾನು ಕೊಳ್ಳುವವರ ಟೆಂಪೋ ಏರುತ್ತವೆ. ಕೊಳ್ಳುವವನಿಗೆ ಮರದ ಜಾತಿ ಗೊತ್ತಿರುತ್ತದೆ. ಮಾರುವವನಿಗೆ ಅನೇಕ ಸಲ ಗೊತ್ತಿರುವುದಿಲ್ಲ. ನಷ್ಟ ಆಗುವುದು ಇಲ್ಲಿಯೇ.

ಕಾರವಾರ-ಅಂಕೋಲೆ ಹೆದ್ದಾರಿಯ ಮೇಲಿನ ಹಟ್ಟಿಕೇರಿ ಮತ್ತು ಸುತ್ತಲ ಊರುಗಳಿಗೆ ಈ ಮಾತು ಹೆಚ್ಚಾಗಿ ಅನ್ವಯಿಸುತ್ತದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಈ ಎರಡು ತಾಲೂಕುಗಳ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಅನಂತರ ಹೆದ್ದಾರಿ ಅಗಲವಾಯಿತು. ರಸ್ತೆಯ ಅಂಚಿನ ಕಟ್ಟಡಗಳು ಹಿಂದೆ ಸರಿದವು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಗಂಗಾವಳಿ ನದಿ ಉಕ್ಕಿ ಅಂಕೋಲೆ ತಾಲೂಕಿನ ಹಲವು ಹಳ್ಳಿಗಳ ಮನೆ-ತೋಟಗಳಿಗೆ ನುಗ್ಗಿತು. ದೊಡ್ಡ ಜಗಲಿಯ ಮನೆಯಿಂದ ಚಿಕ್ಕ ಮನೆಗೆ ಹೋಗುವಾಗ, ನೆರೆ ಇಳಿದ ಮೇಲೆ ಕೆಸರು ಬಳಿಯುವಾಗ ಮೊದಲು ಹೊರಗೆ ಬೀಳುವುದು ಮರದ ಸಾಮಾನೇ. ಹಾಗೆ ಹೊರಗೆ ಬಿದ್ದುದರಲ್ಲಿ ಇಂದು ಹಣ ಕೊಟ್ಟರೂ ಸುಲಭವಾಗಿ ಸಿಗದ ಬಲಿತ ಸಾಗವಾನಿ, ಬೀಟೆ, ಹೊನ್ನೆ, ಹಲಸು ಇರುತ್ತವೆಂಬುದನ್ನು ಮರೆಯಬಾರದು.

ಹಳೆಯ ಸಾಮಾನನ್ನು ಅಲ್ಪ ಖರ್ಚಿನಲ್ಲಿ ಬಳಕೆಗೆ ತರುವ ಒಂದು ಕ್ರಮವನ್ನು ಇಲ್ಲಿ ವಿವರಿಸಿದೆ. ಬೇಕಾಗುವ ಪದಾರ್ಥಗಳು ಹಾಲು, ಸುಣ್ಣ, ಕೆಮ್ಮಣ್ಣು, ಜೇನುಮೇಣ. ಇವುಗಳಲ್ಲಿ ಯಾವುದೂ ನಮ್ಮ ಬೆಳೆಗಾರರಿಗೆ ಹೊಸತಲ್ಲ.

ಸವೆದ ಬಣ್ಣಕ್ಕೆ ಬೆಲೆ ಬಂದ ಬಗೆ

ಬಣ್ಣ ಅಂಚಿನಲ್ಲಿ ಸವೆದು ಒಳಗಿನ ಮರ ಕಾಣುವಂತಿರುವ, ಮೇಲೆ ಮೇಣ ತಿಕ್ಕಿದ ಪೀಠೋಪಕರಣಗಳಿಗೆ ಇಂಗ್ಲೆಂಡ್, ಅಮೆರಿಕಗಳಲ್ಲಿ 1980ರ ದಶಕದಿಂದೀಚೆಗೆ ಬೇಡಿಕೆ ಬೆಳೆಯಿತು. 1990ರಲ್ಲಿ ಇಂಗ್ಲೆಂಡಿನ ಆ್ಯನಿ ಸ್ಲೋನ್ ಎಂಬ ಮಹಿಳೆ ಹೊಳಪಿಲ್ಲದ, ಸುಲಭವಾಗಿ ತಿಕ್ಕಬಹುದಾದ ‘ಚಾಕ್ ಪೇಂಟ್’ ಎಂಬ ಬಣ್ಣವನ್ನು ಮಾರುಕಟ್ಟೆಗೆ ತಂದ ಮೇಲೆ ಈ ಕೆಲಸ ಮನೆಮನೆಯ ಹವ್ಯಾಸವಾಯಿತು. ಈಗ ನಮ್ಮ ನಗರಗಳ ಅಂಗಡಿಗಳಲ್ಲೂ ಹೊಸ ಮೇಜಿಗೆ ಬೇಕೆಂದೇ ಹಳತಿನ ನೋಟ ಕೊಟ್ಟು ಮಾರುತ್ತಾರೆ.

ಕೆಳಗಿನ ಪದರ ಮೇಲಿನ ಪದರದೊಳಗಿಂದ ಕಾಣುವಂತೆ ಮಾಡುವ ಕೆಲಸ ನಮ್ಮ ಕರಾವಳಿಗೆ ಹೊಸದೇನಲ್ಲ. ಗೋವೆ ಮತ್ತು ಉತ್ತರ ಕನ್ನಡದ ಹಳೆಯ ದೇವಾಲಯಗಳ ಗೋಡೆಯ ಕಾವಿ ಕಲೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿಯಿರುವಾಗಲೇ ಕೆರೆದು ಬಿಳಿ ಗೆರೆಗಳ ಚಿತ್ರ ಮೂಡಿಸುತ್ತಿದ್ದರು.

ಫ್ಯಾಷನ್ನಿನ ಮಾತು ಹಾಗಿರಲಿ. ಈ ಪದ್ಧತಿಯಿಂದ ನಾವು ಕಲಿಯತಕ್ಕ ಮುಖ್ಯ ಅಂಶ ಬೇರೆ ಇದೆ. ಅಂಗಡಿಯ ಗಟ್ಟಿ ವಾರ್ನಿಷ್ ಮೊದಲ ವರ್ಷ ಗಾಜಿನಂತೆ ಹೊಳೆಯುತ್ತದೆ. ಆದರೆ ನಮ್ಮ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ವಾರ್ನಿಷ್ ಬಿರುಕು ಬಿಡುತ್ತದೆ. ಬಿರುಕಿನೊಳಗೆ ನೀರು ಸೇರಿ ಚಕ್ಕೆಯೇಳುತ್ತದೆ. ಆಗ ಒಂದು ಜಾಗಕ್ಕೆ ಮಾತ್ರ ಹಚ್ಚಿ ಸರಿಮಾಡಲು ಬರುವುದಿಲ್ಲ. ಪೂರ್ತಿ ಕೆರೆದು ಮೊದಲಿನಿಂದ ಮಾಡಬೇಕು. ಹಾಲು-ಸುಣ್ಣದ ಬಣ್ಣ ಮತ್ತು ಮೇಣ ಹಾಗಲ್ಲ. ಅವು ಸವೆಯುತ್ತವೆ, ಸವೆದಲ್ಲಿ ಮನೆಯವರೇ ಅರ್ಧ ಗಂಟೆಯಲ್ಲಿ ಮತ್ತೆ ತಿಕ್ಕಬಹುದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಎಂದೂ ಕೆಡದ ಮೆರುಗು ಎಂಬುದಿಲ್ಲ. ಕೆಟ್ಟಾಗ ಮನೆಯಲ್ಲೇ ಸರಿಪಡಿಸಬಹುದಾದುದೇ ಒಳ್ಳೆಯ ಮೆರುಗು.

ಮೊದಲು ಮರವನ್ನು ಗುರುತಿಸಿ

ಕುಂಚ ಹಿಡಿಯುವ ಮೊದಲು ಸಾಮಾನನ್ನು ಬೋರಲು ಹಾಕಿ, ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಉಪ್ಪುಕಾಗದದಿಂದ ಎರಡು ಅಂಗುಲದಷ್ಟು ತಿಕ್ಕಿ ನೋಡಬೇಕು. ಒಳ್ಳೆಯ ಮರಕ್ಕೆ ಮೇಣ, ಸಾಧಾರಣ ಮರಕ್ಕೆ ಬಣ್ಣ ಎಂಬ ಸೂತ್ರವನ್ನು ನೆನಪಿಟ್ಟರೆ ಸಾಕು.

ಸಾಗವಾನಿ: ತಿಕ್ಕಿದಾಗ ಹೊಂಬಣ್ಣದ ಕಂದು. ಚರ್ಮದಂತಹ ವಾಸನೆ, ಮುಟ್ಟಿದರೆ ಸ್ವಲ್ಪ ಜಿಡ್ಡು. ಈ ಜಿಡ್ಡಿನಿಂದಾಗಿಯೇ ಇದರ ಮೇಲೆ ಬಣ್ಣ ಸರಿಯಾಗಿ ಕೂರದು. ಮೇಣ ಮಾತ್ರ ಸಾಕು.

ಬೀಟೆ: ನೇರಳೆ ಛಾಯೆಯ ಗಾಢ ಕಂದು, ನಡುವೆ ಕಪ್ಪು ಗೆರೆ, ಒಳ್ಳೆಯ ತೂಕ. ಈ ಮರ ಕಾಡಿನಲ್ಲಿ ತೀರ ವಿರಳವಾಗಿದೆ. ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರ ಜನವರಿಯಿಂದ ನಿಯಂತ್ರಣಕ್ಕೆ ಒಳಪಟ್ಟಿದೆ. ಬೀಟೆಗೆ ಬಣ್ಣ ಬಳಿಯುವುದೆಂದರೆ ಬೆಳ್ಳಿಯ ತಟ್ಟೆಗೆ ಸುಣ್ಣ ಹೊಡೆದಂತೆ.

ಹೊನ್ನೆ: ಒದ್ದೆಯಾದರೆ ಬಣ್ಣ ಬಿಡುವ ಮರ. ಇದರ ಮೇಲೆ ಬಿಳಿ ಬಣ್ಣ ಹಚ್ಚಿದರೆ ಕೆಲವು ದಿನಗಳಲ್ಲಿ ಹಳದಿ-ಕಂದು ಕಲೆ ಹೊರಬರುತ್ತದೆ. ಮತ್ತಿಯಲ್ಲೂ ಒಗರು ಹೆಚ್ಚು. ಸುಣ್ಣ ತಾಗಿದರೆ ಕಪ್ಪಿಡುತ್ತದೆ. ಇವೆರಡಕ್ಕೂ ಮೇಣವೇ ಲೇಸು.

ಹಲಸು: ಹೊಸದರಲ್ಲಿ ಹಳದಿ, ವಯಸ್ಸಾದಂತೆ ಕೆಂಗಂದು. ಮೇಣ ತಿಕ್ಕಿದರೆ ಬಹಳ ಅಂದ.

ಮಾವು, ಸಿಲ್ವರ್ ಓಕ್, ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಎಳೆಯ ಅಕೇಶಿಯಾ, ನಾಲ್ಕಾರು ಜಾತಿಯ ಹಲಗೆ ಸೇರಿಸಿ ಮಾಡಿದ ಸಾಮಾನು — ಬಣ್ಣ ಬಳಿಯಬೇಕಾದುದು ಇವುಗಳಿಗೆ. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕಿನ ಸಾಮಾನಿಗೂ ಬಣ್ಣದಿಂದ ಕಳೆ ಬರುತ್ತದೆ.

ಗುಡಿಗಾರರ ಕೆತ್ತನೆಯಿರುವ ಹಳೆಯ ಸಾಮಾನು ಸಿಕ್ಕಿದರೆ ಅದನ್ನು ತಿಕ್ಕಲೂಬಾರದು, ಬಣ್ಣ ಹಚ್ಚಲೂಬಾರದು. ಸಾಗರ, ಸೊರಬ, ಶಿರಸಿ, ಕುಮಟಾ ಕಡೆ ಆ ಕಸುಬಿನವರು ಇದ್ದಾರೆ. ಅವರಿಗೆ ತೋರಿಸಿ ಮುಂದುವರಿಯಬೇಕು.

ಹುಳ, ನೀರು ಮತ್ತು ದುರಸ್ತಿ

ಕಾಫಿ ಗಿಡಕ್ಕೆ ಕಾಂಡಕೊರಕ ಹೇಗೋ ಒಣಮರಕ್ಕೆ ಕುಟ್ಟೆಹುಳ ಹಾಗೆ. ಗುಂಡುಸೂಜಿಯ ತಲೆಯಷ್ಟು ತೂತು ಇದ್ದು, ತಟ್ಟಿದಾಗ ಹಿಟ್ಟಿನಂತಹ ಪುಡಿ ಉದುರಿದರೆ ಹುಳ ಜೀವಂತವಿದೆ ಎಂದು ತಿಳಿಯಬೇಕು. ಹೆಚ್ಚಾಗಿ ಅದು ತಿನ್ನುವುದು ಮರದ ಹೊರಭಾಗದ ಬಿಳಿ ತಿರುಳನ್ನು. ಸಾಗವಾನಿಯಲ್ಲೂ ಆ ಬಿಳಿ ಭಾಗ ಉಳಿದಿದ್ದರೆ ಹುಳ ಬೀಳುತ್ತದೆ. ಕೆಚ್ಚಿಗೆ ಬಾಧೆ ಕಡಿಮೆ. ಹುಳವಿರುವ ಸಾಮಾನನ್ನು ಬಣ್ಣದಿಂದ ಮುಚ್ಚುವುದು ಹುಣ್ಣಿನ ಮೇಲೆ ಪಟ್ಟಿ ಕಟ್ಟಿ ಸುಮ್ಮನಾದಂತೆ.

ಇದಕ್ಕೆ ಬೋರಿಕ್ ಆ್ಯಸಿಡ್ 100 ಗ್ರಾಂ, ಬಿಳಿಗಾರ (ಬೊರಾಕ್ಸ್) 150 ಗ್ರಾಂಗಳನ್ನು 5 ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಹಳೆಯ ಬಣ್ಣ ತೆಗೆದ ಬರಿ ಮರಕ್ಕೆ ಒಂದು ದಿನ ಬಿಟ್ಟು ಎರಡು ಸಲ ಧಾರಾಳವಾಗಿ ಹಚ್ಚಬೇಕು. ಬಣ್ಣ ಅಥವಾ ಮೇಣ ಇರುವ ಮೈಯೊಳಗೆ ಈ ದ್ರಾವಣ ಇಳಿಯುವುದಿಲ್ಲ. ಹಚ್ಚಿದ ಮೇಲೆ ಎರಡು ವಾರ ನೆರಳಲ್ಲಿ ಒಣಗಿಸಬೇಕು. ಮಕ್ಕಳ ಕೈಗೆ ಸಿಗದಂತೆ ಇಡಬೇಕು; ಆಹಾರ ನೇರವಾಗಿ ತಾಗುವ ಸಾಮಾನಿಗೆ ಬಳಸಬಾರದು.

ನಮ್ಮ ಕಡೆ ಒರಲೆ ಬಾರದಂತೆ ಗೇರು ಸಿಪ್ಪೆಯ ಎಣ್ಣೆ ಹಚ್ಚುವ ರೂಢಿ ಇದೆ. ಬೇಲಿಗೂಟ, ಮಾಡಿನ ಪಕಾಸಿಗೆ ಅದು ಸರಿ; ಕುರ್ಚಿ, ಮಂಚಗಳಿಗೆ ಬೇಡ. ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆಯೇಳುತ್ತದೆ.

ನೆರೆಯಲ್ಲಿ ನೆನೆದ ಸಾಮಾನನ್ನು ಮೊದಲು ಸಿಹಿನೀರಿನಿಂದ ತೊಳೆಯಬೇಕು. ಅಳಿವೆಯ ಹತ್ತಿರದ ನೆರೆನೀರಿನಲ್ಲಿ ಉಪ್ಪು ಇರುತ್ತದೆ. ಅದು ಮರದಲ್ಲಿ ಉಳಿದರೆ ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಬಳಿಕ ಖಾನೆ, ಬಾಗಿಲುಗಳನ್ನು ಬಿಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟಿಗೆಯ ಮೇಲೆ ಎತ್ತಿಡಬೇಕು. ಬೇಗ ಒಣಗಲೆಂದು ಬಿಸಿಲಿಗೆ ಹಾಕಿದರೆ ಹಲಗೆ ಸೊಟ್ಟಗಾಗಿ ಸೀಳುತ್ತದೆ. ಅಡಿಕೆಯನ್ನು ಬಿಸಿಲಿಗೆ ಹರವುವ ಅವಸರ ಮರದಲ್ಲಿ ಸಲ್ಲದು. ಮಳೆಗಾಲದ ನೆರೆಯಲ್ಲಿ ನೆನೆದುದಕ್ಕೆ ಆ ವರ್ಷದ ಚಳಿಗಾಲ ಮುಗಿಯುವವರೆಗೆ ಬಣ್ಣ, ಮೇಣ ಯಾವುದನ್ನೂ ಹಚ್ಚದಿರುವುದು ಕ್ಷೇಮ.

ಸಡಿಲವಾದ ಸಂದುಗಳಿಗೆ ಮೊಳೆ ಹೊಡೆಯುವ ಅಭ್ಯಾಸ ಬಿಡಬೇಕು. ಸಮುದ್ರದ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೇ ಕಪ್ಪಾಗಿಸಿ ಕೆಡಿಸುತ್ತದೆ. ಹಳೆಯ ಸರೇಸಿನ ಅಂಟು ಬಿಸಿನೀರಿಗೆ ಸಡಿಲಾಗುವುದರಿಂದ ಸಂದನ್ನು ಬಿಚ್ಚಿ, ಒರೆಸಿ, ಒಣಗಿಸಿ, ಹೊಸ ಅಂಟು ಹಾಕಿ ಹಗ್ಗದಿಂದ ಬಿಗಿದು ಒಂದು ದಿನ ಬಿಡಬಹುದು. ಬೇಕಾದಲ್ಲಿ ಬಲಿತ ಬಿದಿರಿನ ಬೆಣೆ ಅಥವಾ ಹಿತ್ತಾಳೆಯ ತಿರುಪು ಬಳಸಬೇಕು. ಖಾನೆಗಳು ಮಳೆಗಾಲದಲ್ಲಿ ಬಿಗಿಯಾದರೆ ಕೀಸುಳಿ ಹೊಡೆಯಬಾರದು. ಜುಲೈಯಲ್ಲಿ ಕೀಸಿದ ಖಾನೆ ಜನವರಿಯಲ್ಲಿ ಕಳಕಳ ಅಲ್ಲಾಡುತ್ತದೆ. ಜಾರುಪಟ್ಟಿಗೆ ಮೇಣದ ಬತ್ತಿ ತಿಕ್ಕಿ ಕಾಯುವುದೇ ಸರಿ.

ಹಳೆಯ ಬಣ್ಣ ತೆಗೆಯುವಾಗ ಎಚ್ಚರ

ಗಮನಿಸತಕ್ಕ ಅತಿ ಮುಖ್ಯ ಅಂಶ ಇದು. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶ ಇರುವುದು ಸಾಮಾನ್ಯವಾಗಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಆದುದರಿಂದ ಅದಕ್ಕಿಂತ ಹಳೆಯ ಹಸಿರು, ಹಳದಿ, ಬಿಳಿ ಎಣ್ಣೆಬಣ್ಣದ ಕಪಾಟು, ತೊಟ್ಟಿಲು, ಕಿಟಕಿಗಳಲ್ಲಿ ಸೀಸವಿದೆ ಎಂದೇ ಭಾವಿಸಿ ಕೆಲಸ ಮಾಡತಕ್ಕದ್ದು. ಸೀಸದ ಧೂಳು ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಗರ್ಭಿಣಿಯರಿಗೂ ಅಪಾಯ.

ಇಂತಹ ಬಣ್ಣವನ್ನು ಒಣಗಿದಂತೆಯೇ ತಿಕ್ಕಬಾರದು, ಬೆಂಕಿಯಿಂದ ಸುಡಬಾರದು. ನೀರು ಚಿಮುಕಿಸಿ, ನೀರು ತಡೆಯುವ ಉಪ್ಪುಕಾಗದದಿಂದ ಒದ್ದೆಯಾಗಿಯೇ ತಿಕ್ಕಬೇಕು. ಒಳ್ಳೆಯ ಧೂಳುಮುಸುಕು ಧರಿಸಬೇಕು. ಬಾಯಿಗೆ ಕಟ್ಟಿದ ಟವೆಲು ಸಾಲದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದುದನ್ನು ಸುತ್ತಿ ಬೇರೆ ಇಡಬೇಕು. ಅಡಿಕೆ ಒಣಗಿಸುವ ಅಂಗಳ, ಕಾಫಿ ಕಣ, ಬಾವಿಕಟ್ಟೆಗಳ ಹತ್ತಿರ ಈ ಕೆಲಸ ಸರ್ವಥಾ ಕೂಡದು. ಹಳೆಯ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಯದೆ, ಮೇಲ್ಮೈಯನ್ನು ಮಾತ್ರ ಒದ್ದೆಯಾಗಿ ಸ್ವಲ್ಪ ಒರಟು ಮಾಡಿ ಮೇಲೆ ಹೊಸ ಬಣ್ಣ ಕೊಡುವುದೇ ಉತ್ತಮ. ಅಂತಹ ಸಾಮಾನಿಗೆ ಅಂಚು ಸವೆಸುವ ಕೆಲಸ ಮಾಡಲೇಬಾರದು.

ಹಾಲು-ಸುಣ್ಣದ ಬಣ್ಣ ಮಾಡುವ ಕ್ರಮ

ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿದವರಿಗೆ ಈ ಕೆಲಸ ಕಷ್ಟವಲ್ಲ. ಅದರಂತೆಯೇ ಇಲ್ಲಿಯೂ ಸುಣ್ಣ ಒಳ್ಳೆಯದಿರಬೇಕು, ಸೋಸಿರಬೇಕು, ಮಾಡಿದ ದಿನವೇ ಬಳಸಿ ಮುಗಿಸಬೇಕು.

1. ಕೆನೆ ತೆಗೆದ 2 ಲೀಟರ್ ಹಾಲನ್ನು ಉಗುರುಬೆಚ್ಚಗಿಂತ ಸ್ವಲ್ಪ ಹೆಚ್ಚು ಬಿಸಿ ಮಾಡಿ ನಿಂಬೆರಸ ಹಿಂಡಿ ಒಡೆಸಬೇಕು. ಜಿಡ್ಡು ಉಳಿದರೆ ಬಣ್ಣ ಗಟ್ಟಿಯಾಗದು.

2. ಒಡೆದ ಗಡ್ಡೆಯನ್ನು ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವಂತೆ ತಣ್ಣೀರಿನಲ್ಲಿ ಎರಡು ಸಲ ತೊಳೆದು ಹಿಂಡಬೇಕು.

3. ಅಳತೆಯಲ್ಲಿ 5 ಭಾಗ ಗಡ್ಡೆಗೆ 1 ಭಾಗ ಗಟ್ಟಿ ಸುಣ್ಣದ ತಿಳಿಗೊಜ್ಜು ಸೇರಿಸಿ ಚೆನ್ನಾಗಿ ಕಲಸಬೇಕು. ವಾರದ ಕಾಲ ನೀರಿನಲ್ಲಿ ನೆನೆದ ಚಿಪ್ಪಿಸುಣ್ಣ ಒಳ್ಳೆಯದು. ಕೆಲವೇ ನಿಮಿಷಗಳಲ್ಲಿ ಗಡ್ಡೆ ಕರಗಿ ನಯವಾದ ಅಂಟಾಗುತ್ತದೆ. ಹಾಲಿನ ಸಾರ ಮತ್ತು ಸುಣ್ಣ ಕೂಡಿ ಆದ ಈ ಅಂಟು ಒಮ್ಮೆ ಒಣಗಿ ಬಲಿತರೆ ನೀರಿಗೆ ಸುಲಭವಾಗಿ ಕರಗದು.

4. ಬಣ್ಣದ ಪುಡಿಯನ್ನು ಪ್ರತ್ಯೇಕವಾಗಿ ನೀರಿನಲ್ಲಿ ನೆನೆಸಿ ಅರೆದು ಸೇರಿಸಬೇಕು. ಕೆಮ್ಮಣ್ಣು, ಹಳದಿ ಮಣ್ಣು, ದೀಪದ ಕಾಡಿಗೆ — ಇವು ಸುಣ್ಣಕ್ಕೆ ಮಾಸುವುದಿಲ್ಲ. ಬಟ್ಟೆಯ ಬಣ್ಣ, ಬಟ್ಟೆ ನೀಲಿಯ ದ್ರಾವಣ ಮೊದಲಾದವು ಮಾಸಿಹೋಗುತ್ತವೆ.

5. ನೀರು ಬೆರೆಸಿ ತೆಳು ಮಜ್ಜಿಗೆಯ ಹದಕ್ಕೆ ತಂದು ಸೋಸಬೇಕು.

ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೆ ಕೇಡು. ಕನ್ನಡಕ, ಕೈಚೀಲ ಇರಲಿ. ಹಾರಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಬೇಕು.

ಈ ಬಣ್ಣ ಹೀರುವ ಗುಣವಿರುವ ಬರಿ ಮರಕ್ಕೆ ಮಾತ್ರ ಹಿಡಿಯುತ್ತದೆ. ಹಳೆಯ ಬಣ್ಣದ ಮೇಲೆ, ವಾರ್ನಿಷ್ ಮೇಲೆ, ಒಗರು ಬಿಡುವ ಮರದ ಮೇಲೆ ಬಣ್ಣ ಕೊಡಲೇಬೇಕಾದರೆ ಬೇರೆ ದಾರಿ ಹಿಡಿಯಬೇಕು. ಅಂಗಡಿಯಲ್ಲಿ ಸಿಗುವ ಅರಗಿನ ಚಕ್ಕೆ (ಶೆಲ್ಯಾಕ್) 150 ಗ್ರಾಂ, 1 ಲೀಟರ್ ಪಾಲಿಶ್ ಸ್ಪಿರಿಟ್ಟಿನಲ್ಲಿ ಕರಗಿಸಿ ಎರಡು ತೆಳು ಕೈ ಹಚ್ಚಿದರೆ ಕಲೆ ಹೊರಬರುವುದು ತಡೆಯುತ್ತದೆ. ಅದರ ಮೇಲೆ, ಗೋಡೆಗೆ ಬಳಿಯುವ ಎಮಲ್ಷನ್ ಬಣ್ಣ 250 ಮಿಲಿಲೀಟರಿಗೆ ನಾಲ್ಕು ದೊಡ್ಡ ಚಮಚ ಸೀಮೆಸುಣ್ಣದ ಪುಡಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಸೇರಿಸಿ ಹಚ್ಚಬೇಕು. ಪೇಟೆಯ ಚಾಕ್ ಪೇಂಟಿಗೆ ಹತ್ತಿರದ ಮನೆಯ ಬಣ್ಣ ಇದು.

ಸವೆದ ನೋಟ ಕೊಡುವುದು

ಮೊದಲು ಗಾಢ ಬಣ್ಣದ ಒಂದು ಕೈ — ಕೆಮ್ಮಣ್ಣು ಒಳ್ಳೆಯದು. ಅದು ಪೂರ್ತಿ ಒಣಗಿದ ಮೇಲೆ ಅಂಚು, ಮೂಲೆ, ಹಿಡಿಕೆಯ ಸುತ್ತ ಮೇಣದ ಬತ್ತಿಯನ್ನು ಅಲ್ಲಲ್ಲಿ ತಿಕ್ಕಬೇಕು. ಅದರ ಮೇಲೆ ತಿಳಿಬಣ್ಣದ ಎರಡು ತೆಳು ಕೈ ಹಚ್ಚಿ ಒಂದು ಇಡೀ ದಿನ ಒಣಗಲು ಬಿಡಬೇಕು. ಮೇಣ ತಾಗಿದಲ್ಲಿ ಮೇಲಿನ ಬಣ್ಣ ಹಿಡಿದಿರುವುದಿಲ್ಲ. 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದರೆ ಅದು ಬಿಟ್ಟು ಕೆಳಗಿನ ಕೆಂಪು ಕಾಣುತ್ತದೆ.

ಎಲ್ಲಿ ಉಜ್ಜಬೇಕು ಎಂಬುದಕ್ಕೆ ಬಳಕೆಯೇ ಪ್ರಮಾಣ. ಪೆಟ್ಟಿಗೆಯ ಮುಚ್ಚಳದ ಮುಂದಿನ ಅಂಚು, ಕುರ್ಚಿಯ ತೋಳಿನ ತುದಿ, ಬೆಂಚಿನ ಕಾಲು ತಾಗುವ ಪಟ್ಟಿ, ಕಪಾಟಿನ ಚಿಲಕದ ಸುತ್ತ — ಕೈಕಾಲು ತಾಗುವ ಕಡೆಗಳಲ್ಲಿ ಮಾತ್ರ ಬಣ್ಣ ಸವೆಯುವುದು ಸಹಜ. ಕಂಡಕಂಡಲ್ಲಿ ಉಜ್ಜಿದರೆ ಕಜ್ಜಿ ಹಿಡಿದಂತೆ ಕಾಣುತ್ತದೆ. ನಿಜವಾಗಿಯೂ ಸವೆದ ಹಳೆಯ ಸಾಮಾನಿಗೆ ಈ ಕೆಲಸ ಬೇಡವೇ ಬೇಡ. ಇದ್ದ ಸವಕಲನ್ನು ಉಳಿಸಿಕೊಂಡು ಮೇಣ ತಿಕ್ಕಿದರೆ ಸಾಕು.

ಬರಿ ಮರಕ್ಕೆ ಹಳತಿನ ಕಂದು ಬಣ್ಣ ಬೇಕಾದರೆ ಅದು ನಮ್ಮಲ್ಲೇ ಇದೆ. ಘಟ್ಟದ ಮೇಲೆ ಕೆಂಪಡಿಕೆ ಬೇಯಿಸಿದ ಚೊಗರನ್ನು ತೆಳು ಮಾಡಿ ಬಟ್ಟೆಯಲ್ಲಿ ಹಚ್ಚಿದರೆ ಮರ ಕೆಂಗಂದಾಗುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ವಾರದ ಕಾಲ ವಿನೆಗರಿನಲ್ಲಿ ನೆನೆಸಿ ಸೋಸಿದ ನೀರನ್ನು ಅದರ ಮೇಲೆ ಹಚ್ಚಿದರೆ ಚೊಗರಿನ ಒಗರಿಗೂ ಕಬ್ಬಿಣಕ್ಕೂ ಸೇರಿ ಕಪ್ಪು ಬಣ್ಣ ಬರುತ್ತದೆ. ಗಟ್ಟಿ ಕಾಫಿ ಕಷಾಯದಿಂದ ತಿಳಿಗಂದು. ಇವನ್ನು ಮೊದಲು ಬೇರೆ ತುಂಡಿನ ಮೇಲೆ ಹಚ್ಚಿ, ಒಣಗಿದ ಬಳಿಕ ನೋಡಿಯೇ ಮುಂದುವರಿಯಬೇಕು.

ಜೇನುಮೇಣದ ಮೆರುಗು

ಜೇನುಪೆಟ್ಟಿಗೆ ಇಟ್ಟವರು ಹಳೆಯ ತಟ್ಟಿಗಳನ್ನು ಎಸೆಯಬಾರದು. ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಣಿದ ಮೇಲೆ ಮೇಲೆ ತೇಲುವ ಗಡ್ಡೆಯ ತಳದ ಕೊಳೆ ಕೆರೆದರೆ ಒಳ್ಳೆಯ ಮೇಣ ದೊರೆಯುತ್ತದೆ. ಜೇನುಮೇಣ ಕರಗುವುದು ಸುಮಾರು 62-64 ಡಿಗ್ರಿ ಸೆಂಟಿಗ್ರೇಡಿನಲ್ಲಿ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಅದು ಕರಗದಿದ್ದರೂ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಆದುದರಿಂದ ಐದರಲ್ಲೊಂದು ಪಾಲು ಕಾರ್ನೂಬಾ ಮೇಣ ಸೇರಿಸುವುದು ಒಳ್ಳೆಯದು. ಬ್ರೆಜಿಲ್ ದೇಶದ ಒಂದು ತಾಳೆಜಾತಿಯ ಮರದ ಗರಿಗಳಿಂದ ಬರುವ ಈ ಗಟ್ಟಿ ಮೇಣ ಕರಗಲು 80 ಡಿಗ್ರಿಗಿಂತ ಹೆಚ್ಚು ಶಾಖ ಬೇಕು.

ಜೇನುಮೇಣ 80 ಗ್ರಾಂ, ಕಾರ್ನೂಬಾ 20 ಗ್ರಾಂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ನೇರವಾಗಿ ಒಲೆಯ ಮೇಲೆ ಇಡಬಾರದು. ಕರಗಿದ ಮೇಲೆ ಒಲೆ ಪೂರ್ತಿ ಆರಿಸಿ, ಡಬ್ಬಿಯನ್ನು ಅಂಗಳಕ್ಕೆ ಒಯ್ದು, ಅಲ್ಲಿ 300 ಮಿಲಿಲೀಟರ್ ಟರ್ಪೆಂಟೈನ್ ನಿಧಾನವಾಗಿ ಸುರಿದು ಕಲಕಬೇಕು. ಟರ್ಪೆಂಟೈನಿನ ಆವಿ 35 ಡಿಗ್ರಿಯ ಆಸುಪಾಸಿನಲ್ಲೇ ಕಿಡಿ ಹಿಡಿಯಬಲ್ಲದು. ನಮ್ಮ ಬೇಸಿಗೆಯ ಶಾಖವೇ ಅಷ್ಟಿರುತ್ತದೆ. ತಣಿದಾಗ ಅದು ಬೆಣ್ಣೆಯಂತಾಗುತ್ತದೆ.

ಹತ್ತಿಬಟ್ಟೆಯಲ್ಲಿ ಸ್ವಲ್ಪವೇ ತೆಗೆದುಕೊಂಡು ಮರದ ಎಳೆಯ ದಿಕ್ಕಿನಲ್ಲಿ ತಿಕ್ಕಿ, 20 ನಿಮಿಷ ಬಿಟ್ಟು ಬೇರೆ ಬಟ್ಟೆಯಿಂದ ಒರೆಸಿ ಉಜ್ಜಬೇಕು. ಮಾರನೆಯ ದಿನ ಇನ್ನೊಂದು ಸಲ. ದಪ್ಪನಾಗಿ ಬಳಿದರೆ ಜಿಗುಟಾಗುವುದೇ ಹೊರತು ರಕ್ಷಣೆ ಹೆಚ್ಚದು. ಕಾಲುಗಳ ತಳಕ್ಕೆ ಮಾತ್ರ ಕರಗಿದ ಬರಿ ಮೇಣವನ್ನು ಕುಡಿಯುವಷ್ಟು ಕುಡಿಸಬೇಕು. ನೆಲ ಒರೆಸುವ ನೀರನ್ನು ಮರ ಮೊದಲು ಹೀರುವುದು ಅಲ್ಲಿಂದಲೇ. ಹಳೆಯ ಸಾಮಾನು ಕಾಲಿನಿಂದ ಕೊಳೆಯಲು ಇದೇ ಕಾರಣ.

ಮೇಣದ ಬದಲು ತೆಂಗಿನೆಣ್ಣೆ ತಿಕ್ಕುವವರಿದ್ದಾರೆ. ಅದು ಎಂದೂ ಒಣಗುವ ಎಣ್ಣೆಯಲ್ಲ; ಕನರು ವಾಸನೆ ಬಂದು ಧೂಳು ಹಿಡಿಯುತ್ತದೆ. ಒಣಗುವುದು ಅಗಸೆ ಎಣ್ಣೆ. ಆದರೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ಅದು ತಾನಾಗಿಯೇ ಕಾದು ಬೆಂಕಿ ಹತ್ತಬಲ್ಲದು. ಒಣ ಸಿಪ್ಪೆ, ಸೋಗೆ, ಗೋಣಿಚೀಲ ಇರುವ ನಮ್ಮ ಕೊಟ್ಟಿಗೆಗಳಲ್ಲಿ ಇದು ದೊಡ್ಡ ಗಂಡಾಂತರ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ ಒಣಗಿಸಬೇಕು.

ಕಾಲ ಮತ್ತು ಪಾಲನೆ

ಈ ಕೆಲಸಕ್ಕೆ ದೀಪಾವಳಿಯಿಂದ ಯುಗಾದಿಯವರೆಗಿನ ಒಣಹವೆ ಯೋಗ್ಯ. ಕೊಯ್ಲಿನ ಗಡಿಬಿಡಿ ಇರುವವರು ಅದು ಮುಗಿದ ಮೇಲೆ, ಮೊದಲ ಮಳೆಗೆ ಕನಿಷ್ಠ ಒಂದು ತಿಂಗಳು ಇರುವಂತೆ ಮುಗಿಸಬೇಕು. ಮಳೆಗಾಲದಲ್ಲಿ ಹಚ್ಚಿದ ಹಾಲು-ಸುಣ್ಣದ ಬಣ್ಣ ಬಲಿಯದೆ ಬೂಸು ಹಿಡಿಯುತ್ತದೆ.

ಮೇಣದ ಮೈಗೆ ವರ್ಷಕ್ಕೆ ಎರಡು ಉಪಚಾರ: ಮಳೆಗೆ ಮುಂಚೆ ಒಂದು, ದೀಪಾವಳಿಗೆ ಒಂದು. ಸಾಮಾನನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಬೇಕು. ಬೂಸು ಕಂಡರೆ ನೀರು ಬೆರೆಸಿದ ವಿನೆಗರಿನಿಂದ ಒರೆಸಿ, ಒಣಗಿಸಿ, ಮತ್ತೆ ಮೇಣ ತಿಕ್ಕಬೇಕು.

ಈ ಮೆರುಗು ಎಲ್ಲ ಕಡೆಗೂ ಸಲ್ಲದು ಎಂಬುದನ್ನೂ ಹೇಳಬೇಕು. ಬಿಸಿ ಪಾತ್ರೆ ಇಡುವ ಊಟದ ಮೇಜು, ಬಚ್ಚಲು, ಮಳೆಯ ಇರಿಚಲು ಬೀಳುವ ಜಗಲಿ — ಇಲ್ಲಿ ಮೇಣ ನಿಲ್ಲದು. ಬಟ್ಟೆಯ ಪೆಟ್ಟಿಗೆ, ಪುಸ್ತಕದ ಕಪಾಟು, ಒಳಕೋಣೆಯ ಬೆಂಚು, ಮಕ್ಕಳ ಓದಿನ ಮೇಜು — ಇವುಗಳಿಗೆ ಯೋಗ್ಯ.

ಲಾಭದ ಲೆಕ್ಕ

ಇದನ್ನು ವ್ಯಾಪಾರವಾಗಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಪದಾರ್ಥಗಳ ಖರ್ಚು ಅಲ್ಪ. ಹೋಗುವುದು ದುಡಿಮೆಯ ಹೊತ್ತು. ಒಂದು ಸಾಧಾರಣ ಪೆಟ್ಟಿಗೆಗೆ ಒಣಗುವ ದಿನಗಳನ್ನು ಬಿಟ್ಟರೂ ಎರಡು-ಮೂರು ದಿನದ ಕೈಕೆಲಸ ಬೀಳುತ್ತದೆ. ಮೊದಲು ಸ್ವಂತ ಮನೆಯ ಒಂದು ಸಾಮಾನಿಗೆ ಮಾಡಿ, ಹಿಡಿದ ಹೊತ್ತು ಮತ್ತು ಖರ್ಚನ್ನು ಬರೆದಿಟ್ಟು, ಅದೇ ಅಳತೆಯ ಹೊಸ ಸಾಮಾನಿನ ಬೆಲೆಯೊಂದಿಗೆ ಹೋಲಿಸಿ ನೋಡಬೇಕು. ಮಾರುವ ಯೋಚನೆ ಇದ್ದರೆ ಆ ಮೇಲಿನ ಮಾತು.

ಮಾರದೆ ಉಳಿಸಿಕೊಂಡರೂ ಲಾಭವಿದೆ. ಒಂದು ಸಾಗವಾನಿ ಮರ ಒಳ್ಳೆಯ ಕೆಚ್ಚು ಕಟ್ಟಲು ಹಲವು ದಶಕಗಳು ಬೇಕು. ನಮ್ಮ ಹಿರಿಯರ ಕಾಲದಲ್ಲಿ ಬಲಿತ ಮರ ಇಂದು ನಮ್ಮ ಅಟ್ಟದಲ್ಲಿ ಕಪಾಟಾಗಿ ನಿಂತಿದೆ. ಅದನ್ನು ಒಲೆಗೆ ಹಾಕಿದರೆ ನಮ್ಮ ಕಾಲದಲ್ಲಿ ಮತ್ತೆ ಬೆಳೆಸಲಾಗದು. ಆದುದರಿಂದ ಬೆಳೆಗಾರ ಬಾಂಧವರು ಈ ಬೇಸಿಗೆಯಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಅಟ್ಟ, ಕೊಟ್ಟಿಗೆಗಳನ್ನು ಒಮ್ಮೆ ನೋಡಬೇಕು. ಟೆಂಪೋದವರಿಗೆ ದರ ಹೇಳುವ ಮೊದಲು ಎರಡು ಅಂಗುಲ ತಿಕ್ಕಿ ಮರದ ಜಾತಿ ತಿಳಿದುಕೊಳ್ಳಬೇಕು. ಒಳ್ಳೆಯ ಮರವಾದರೆ ಮೇಣ, ಸಾಧಾರಣವಾದರೆ ಬಣ್ಣ, ಹುಳ ತಿಂದು ಟೊಳ್ಳಾದುದಾದರೆ ಮಾತ್ರ ಒಲೆ.